ಫಂಗಸ್ ಮಾತ್ರೆ: ನುಂಗುವ ಮೊದಲು ತಿಳಿದಿರಬೇಕಾದದ್ದು

ನಮ್ಮ ಬೀದಿಯ ಸಹೋದರಿಯೊಬ್ಬರ ಕೈರುಚಿ ಇಡೀ ಮೊಹಲ್ಲಾಕ್ಕೆ ಗೊತ್ತು. ಯಾರ ಮನೆಯಲ್ಲಿ ನಿಶ್ಚಿತಾರ್ಥವಿರಲಿ, ಮಗುವಿನ ಅಖೀಖಾ ಇರಲಿ, ಮಸಾಲೆಯ ಹದ ನೋಡಲು ಅವರನ್ನೇ ಕರೆಯುವುದು ವಾಡಿಕೆ. ಒಮ್ಮೆ ಇಂತಹದೇ ಒಂದು ಸಮಾರಂಭದಲ್ಲಿ ಊಟಕ್ಕೆ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಸಾರಿಗೆ ಉಪ್ಪು ವಿಪರೀತವಾಗಿತ್ತು. ಒಂದು ದಿನದ ತಪ್ಪೆಂದು ಎಲ್ಲರೂ ಸುಮ್ಮನಾದರು. ಆದರೆ ಅವರ ಮನೆಯಲ್ಲಿ ಇದು ದಿನನಿತ್ಯದ ಕತೆಯಾಗಿತ್ತು. ಒಂದು ದಿನ ಉಪ್ಪೇ ಇಲ್ಲ, ಮರುದಿನ ಬಾಯಿಗಿಡಲಾಗದಷ್ಟು ಉಪ್ಪು. ಗಂಡ ತಟ್ಟೆ ಸರಿಸಿ ಎದ್ದು ಹೋದರು. "ಮನಸ್ಸನ್ನು ಎಲ್ಲಿಟ್ಟು ಅಡುಗೆ ಮಾಡ್ತೀ?" ಎಂದು ಅತ್ತೆ ಗದರಿದರು.

ಒಂದು ಸಂಜೆ ಅವರು ನಮ್ಮ ಮನೆಗೆ ಬಂದು ಅಡುಗೆ ಮನೆಯ ಬಾಗಿಲಲ್ಲೇ ನಿಂತು ಅತ್ತರು. "ಟೀಚರ್, ನನ್ನ ನಾಲಿಗೆ ಸತ್ತು ಹೋಗಿದೆ. ಚಹಾ ಕುಡಿದರೆ ಬಿಸಿನೀರು ಕುಡಿದಂತೆ. ಮೀನು ತಿಂದರೆ ಹತ್ತಿ ಜಗಿದಂತೆ. ಯಾರಿಗೆ ಹೇಳಲಿ?" ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಮರುದಿನ ಅವರ ಜೊತೆ ವೈದ್ಯೆಯ ಬಳಿಗೆ ಹೋದೆ. ಅಲ್ಲಿಯೂ ಅದೇ ಪ್ರಶ್ನೆ, ಅದೇ ಉತ್ತರ. ಹೊರಡುವಾಗ ಅವರು ತಲೆ ತಗ್ಗಿಸಿ ಮೆಲ್ಲನೆ ಹೇಳಿದರು: "ಸೊಂಟದ ಹತ್ತಿರ ತುರಿಕೆ ಇತ್ತು. ಮಗ ಮೆಡಿಕಲ್‌ನಿಂದ ಒಂದು ಮಾತ್ರೆ ತಂದುಕೊಟ್ಟಿದ್ದ. ಅದನ್ನು ಐದು ವಾರದಿಂದ ತಿನ್ನುತ್ತಿದ್ದೇನೆ. ಅದು ತುರಿಕೆಯ ಮಾತ್ರೆಯಲ್ಲವೇ, ಅದನ್ನೂ ಹೇಳಬೇಕಾ?"

ಹೇಳಬೇಕಿತ್ತು. ಅದೊಂದನ್ನೇ ಮೊದಲು ಹೇಳಬೇಕಿತ್ತು. ಅದು ಟರ್ಬಿನಾಫಿನ್ ಎಂಬ ಮಾತ್ರೆ. ಶಿಲೀಂಧ್ರ ಅಂದರೆ ಫಂಗಸ್ ಸೋಂಕಿಗೆ ಕೊಡುವ ಔಷಧ. ನಾಲಿಗೆಯ ರುಚಿ ಕೆಡುವುದು ಅದರ ಪರಿಚಿತ ಅಡ್ಡ ಪರಿಣಾಮಗಳಲ್ಲಿ ಒಂದು. ವೈದ್ಯೆ ಆ ಮಾತ್ರೆಯನ್ನು ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿದರು. ರುಚಿ ಮರಳಿ ಬರಲು ಎರಡು ತಿಂಗಳು ಹಿಡಿಯಿತು.

ಪ್ರಿಯ ಓದುಗ ಸಹೋದರಿಯರೇ, ನಾನು ವೈದ್ಯೆಯಲ್ಲ, ಮಕ್ಕಳಿಗೆ ಪಾಠ ಹೇಳುವವಳು. ಆದರೆ ಆ ದಿನದ ನಂತರ ಈ ಮಾತ್ರೆಗಳ ಕುರಿತು ಓದಿದೆ, ತಿಳಿದವರನ್ನು ಕೇಳಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಈ ಮಾತ್ರೆಗಳು ತಲೆನೋವಿನ ಮಾತ್ರೆಯಂತೆ ಕೈಯಿಂದ ಕೈಗೆ ಹೋಗುತ್ತಿರುವುದನ್ನು ನೋಡಿ ಇದನ್ನು ಬರೆಯಬೇಕೆನಿಸಿತು.

ತುರಿಕೆ ಏಕೆ ಹಟಮಾರಿಯಾಗಿದೆ?

ಹುಳುಕಡ್ಡಿ, ಗಜಕರ್ಣ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಚರ್ಮರೋಗಕ್ಕೆ ಹುಳುವಿಗೂ ಯಾವ ಸಂಬಂಧವೂ ಇಲ್ಲ. ಹಳೆಯ ರೊಟ್ಟಿಯ ಮೇಲೆ, ಮಳೆಗಾಲದಲ್ಲಿ ಚರ್ಮದ ಚಪ್ಪಲಿಯ ಮೇಲೆ ಬೂಷ್ಟು ಬೆಳೆಯುವುದಿಲ್ಲವೇ? ಅದೇ ಜಾತಿಯ ಜೀವಿ ನಮ್ಮ ಚರ್ಮದ ಮೇಲೂ, ಉಗುರಿನಲ್ಲೂ, ತಲೆಗೂದಲಿನಲ್ಲೂ ಬೆಳೆಯುತ್ತದೆ. ಬೆವರು, ತೇವ ಮತ್ತು ಬಿಗಿಯಾದ ಬಟ್ಟೆ ಇದಕ್ಕೆ ಬಹಳ ಇಷ್ಟ. ಆದ್ದರಿಂದಲೇ ತೊಡೆಯ ಸಂದು, ಸೊಂಟ, ಸ್ತನಗಳ ಕೆಳಭಾಗ, ಕಾಲ್ಬೆರಳ ಸಂದುಗಳಲ್ಲಿ ಇದು ಮೊದಲು ಕಾಣಿಸಿಕೊಳ್ಳುತ್ತದೆ. ಸ್ತ್ರೀಯರನ್ನು ಕಾಡುವ, ತುರಿಕೆ ಸಹಿತ ಮೊಸರಿನಂತೆ ಬಿಳುಪು ಹೋಗುವ ತೊಂದರೆಗೆ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರ ಕಾರಣ.

ಹಿಂದೆ ಎರಡು ವಾರ ಮುಲಾಮು ಹಚ್ಚಿದರೆ ಹೋಗುತ್ತಿದ್ದ ಗಜಕರ್ಣ ಇತ್ತೀಚಿನ ವರ್ಷಗಳಲ್ಲಿ ತಿಂಗಳುಗಟ್ಟಲೆ ಕಾಡುತ್ತಿದೆ. ಮನೆಯಲ್ಲಿ ಒಬ್ಬರಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರಿಗೆ ಆರಂಭವಾಗುತ್ತದೆ. ಇದಕ್ಕೆ ಒಂದು ಮುಖ್ಯ ಕಾರಣ ನಾವೇ ಖರೀದಿಸಿ ಹಚ್ಚುವ ಮುಲಾಮುಗಳು. ಕ್ಲೊಬೆಟಾಸೋಲ್, ಬೆಟಾಮೆಥಾಸೋನ್‌ನಂತಹ ಸ್ಟಿರಾಯ್ಡ್ ಬೆರೆಸಿದ ಮುಲಾಮು ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಂತಂತಾಗುತ್ತದೆ. ವಾಸಿಯಾಯಿತೆಂದು ನಾವು ಸಂತೋಷಪಡುತ್ತೇವೆ. ನಿಜವಾಗಿ ಆ ಸ್ಟಿರಾಯ್ಡ್ ಚರ್ಮದ ಪ್ರತಿರೋಧವನ್ನು ಮಲಗಿಸುತ್ತದೆ ಅಷ್ಟೇ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಈ ದುರ್ಬಳಕೆಯನ್ನು ತಡೆಯಲು ಕೇಂದ್ರ ಸರಕಾರ 2018ರಲ್ಲಿ ಇಂತಹ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ತಂದಿತು. ನಿಯಮ ಬಂದರೂ ನಮ್ಮ ಅಭ್ಯಾಸ ಬದಲಾಗಿಲ್ಲ.

ಇನ್ನೊಂದು ಕಾರಣ ಶಿಲೀಂಧ್ರವೇ ಬದಲಾಗಿರುವುದು. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಕಂಡ ಒಂದು ಶಿಲೀಂಧ್ರಕ್ಕೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಇದರ ಅನೇಕ ತಳಿಗಳು ಟರ್ಬಿನಾಫಿನ್ ಔಷಧಕ್ಕೆ ಜಗ್ಗುವುದಿಲ್ಲ. ಹೀಗಾಗಿ ಮುಲಾಮಿನಲ್ಲಿ ಮುಗಿಯಬೇಕಾದ ಚಿಕಿತ್ಸೆ ಮಾತ್ರೆಗೆ, ಎರಡು ವಾರದಲ್ಲಿ ಮುಗಿಯಬೇಕಾದದ್ದು ಎರಡು ತಿಂಗಳಿಗೆ ಬೆಳೆಯುತ್ತಿದೆ. ಮಾತ್ರೆಯನ್ನು ಹೆಚ್ಚು ದಿನ ನುಂಗಿದಷ್ಟೂ ಅಡ್ಡ ಪರಿಣಾಮದ ಬಗ್ಗೆ ಎಚ್ಚರವೂ ಹೆಚ್ಚಬೇಕು.

ಶಿಲೀಂಧ್ರದ ಔಷಧ ನಮಗೇಕೆ ತಟ್ಟುತ್ತದೆ?

ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಯ ರಚನೆ ನಮ್ಮ ಜೀವಕೋಶಕ್ಕಿಂತ ತೀರಾ ಭಿನ್ನ. ಆದುದರಿಂದ ಪೆನಿಸಿಲಿನ್‌ನಂತಹ ಔಷಧವು ನಮ್ಮಲ್ಲಿ ಇಲ್ಲವೇ ಇಲ್ಲದ ಅದರ ಹೊರಗೋಡೆಯನ್ನು ಮುರಿಯುತ್ತದೆ. ಆದರೆ ಶಿಲೀಂಧ್ರದ ಜೀವಕೋಶ ಅನೇಕ ವಿಷಯಗಳಲ್ಲಿ ಮನುಷ್ಯನ ಜೀವಕೋಶವನ್ನು ಹೋಲುತ್ತದೆ. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇರುವಂತೆ ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಪದಾರ್ಥವಿದೆ. ಹೆಚ್ಚಿನ ಫಂಗಸ್ ಮಾತ್ರೆಗಳು ಆ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆದು ಶಿಲೀಂಧ್ರವನ್ನು ಕೊಲ್ಲುತ್ತವೆ ಅಥವಾ ಬೆಳೆಯದಂತೆ ಮಾಡುತ್ತವೆ.

ಫ್ಲೂಕೊನಝೋಲ್, ಇಟ್ರಾಕೊನಝೋಲ್ ಮುಂತಾದ ಝೋಲ್ ಎಂದು ಕೊನೆಗೊಳ್ಳುವ ಫಂಗಸ್ ಔಷಧಗಳು ತಡೆಯುವ ಕಿಣ್ವದ ಬಂಧುಗಳು ನಮ್ಮ ಲಿವರ್‌ನಲ್ಲೂ ಇವೆ. ನಾವು ನುಂಗುವ ಇತರ ಮಾತ್ರೆಗಳನ್ನು ಅರಗಿಸಿ ಹೊರಹಾಕುವ ಕೆಲಸ ಅವುಗಳದ್ದು. ಫಂಗಸ್ ಮಾತ್ರೆ ಆ ಕೆಲಸಕ್ಕೂ ಅಡ್ಡ ಬರುತ್ತದೆ. ಆಗ ಬೇರೆ ಕಾಯಿಲೆಗೆ ನುಂಗಿದ ಮಾತ್ರೆ ಶರೀರದಿಂದ ಹೊರಹೋಗದೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಒಂದು ಮಾತ್ರೆ ನುಂಗಿದವರಿಗೆ ಎರಡು ಮೂರು ನುಂಗಿದಷ್ಟು ಪರಿಣಾಮವಾಗುತ್ತದೆ. ಈ ಒಂದು ವಿಷಯ ತಿಳಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಒಂದೊಂದಾಗಿ ನೋಡೋಣ

ಗ್ರಿಸಿಯೊಫುಲ್ವಿನ್: ಇದು ಈ ಗುಂಪಿನ ಹಿರಿಯ. 1939ರಲ್ಲಿ ಒಂದು ಬೂಷ್ಟಿನಿಂದಲೇ ಇದನ್ನು ಬೇರ್ಪಡಿಸಲಾಯಿತು. ಮನುಷ್ಯರಿಗೆ ನುಂಗಲು ಕೊಡುವುದು 1958ರಲ್ಲಿ ಆರಂಭವಾಯಿತು. ಮಕ್ಕಳ ತಲೆಯ ಹುಳುಕಡ್ಡಿಗೆ ಇಂದಿಗೂ ಬಳಕೆಯಲ್ಲಿದೆ. ತುಪ್ಪ, ಹಾಲಿನಂತಹ ಕೊಬ್ಬಿನ ಆಹಾರದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹಿಡಿಯುತ್ತದೆ. ತಲೆನೋವು, ವಾಕರಿಕೆ, ಹೊಟ್ಟೆ ತೊಳಸುವುದು ಇದರ ಸಾಮಾನ್ಯ ತೊಂದರೆಗಳು. ಇದನ್ನು ನುಂಗುವವರು ಸುಡುಬಿಸಿಲಿನಲ್ಲಿ ಓಡಾಡಿದರೆ ಚರ್ಮ ಕೆಂಪಾಗಿ ಉರಿಯಬಹುದು. ಸಂತಾನ ನಿಯಂತ್ರಣ ಗುಳಿಗೆಯ ಶಕ್ತಿಯನ್ನು ಇದು ಕುಂದಿಸುತ್ತದೆ. ಗರ್ಭಿಣಿಯರು ಸೇವಿಸಲೇಬಾರದು. ಪುರುಷರೂ ಇದನ್ನು ನಿಲ್ಲಿಸಿದ ಆರು ತಿಂಗಳವರೆಗೆ ಮಗುವಿಗೆ ತಂದೆಯಾಗುವುದನ್ನು ಮುಂದೂಡಬೇಕೆಂಬ ಎಚ್ಚರಿಕೆಯಿದೆ.

ಟರ್ಬಿನಾಫಿನ್: ಗಜಕರ್ಣಕ್ಕೂ ಉಗುರಿನ ಫಂಗಸ್‌ಗೂ ಕೊಡುತ್ತಾರೆ. ದಿನಕ್ಕೆ 250 ಮಿಲಿಗ್ರಾಂನಂತೆ ಕೈ ಉಗುರಿಗೆ 6 ವಾರ, ಕಾಲು ಉಗುರಿಗೆ 12 ವಾರ ಇದರ ರೂಢಿಯ ಕ್ರಮ. ಹೊಟ್ಟೆನೋವು, ಭೇದಿ, ತಲೆನೋವು, ಚರ್ಮದಲ್ಲಿ ದದ್ದು ಬರಬಹುದು. ಉಗುರು ಚಿಕಿತ್ಸೆಯ ಪ್ರಯೋಗಗಳಲ್ಲಿ ನೂರರಲ್ಲಿ ಸುಮಾರು ಮೂವರಿಗೆ ರುಚಿಯ ತೊಂದರೆ ಕಂಡುಬಂದಿತ್ತು. ಹೆಚ್ಚಿನವರಿಗೆ ಮಾತ್ರೆ ನಿಲ್ಲಿಸಿದ ಕೆಲವು ವಾರಗಳಲ್ಲಿ ರುಚಿ ಮರಳುತ್ತದೆ. ಆದರೆ ವರ್ಷ ಕಳೆದರೂ ಮರಳದವರು ಅಪರೂಪಕ್ಕೆ ಇದ್ದಾರೆ. ರುಚಿ ಹೋದವರಿಗೆ ಊಟ ಸೇರದೆ ಮೈ ಇಳಿಯುತ್ತದೆ, ಮನಸ್ಸೂ ಕುಗ್ಗುತ್ತದೆ. ವಾಸನೆ ತಿಳಿಯದಿರುವುದೂ ಉಂಟು. ಗ್ಯಾಸ್ ಸೋರಿದರೂ ತಿಳಿಯದ ಗೃಹಿಣಿಗೆ ಇದು ಎಷ್ಟು ಅಪಾಯ ಎಂದು ಯೋಚಿಸಿ. ಲಿವರ್ ತೊಂದರೆ ಇರುವವರಿಗೆ ಈ ಮಾತ್ರೆ ಕೂಡದು. ಆರಂಭಿಸುವ ಮೊದಲು ರಕ್ತ ಪರೀಕ್ಷೆಯಿಂದ ಲಿವರ್‌ನ ಸ್ಥಿತಿ ತಿಳಿದುಕೊಳ್ಳಬೇಕು.

ಫ್ಲೂಕೊನಝೋಲ್: ಸ್ತ್ರೀಯರಿಗೆ ಹೆಚ್ಚು ಪರಿಚಿತವಾದ ಮಾತ್ರೆ ಇದು. ಯೋನಿಯ ಕ್ಯಾಂಡಿಡಾ ಸೋಂಕಿಗೆ ಸಾಮಾನ್ಯವಾಗಿ 150 ಮಿಲಿಗ್ರಾಂನ ಒಂದೇ ಮಾತ್ರೆ ಸಾಕಾಗುತ್ತದೆ. ತಲೆನೋವು, ವಾಕರಿಕೆ, ಹೊಟ್ಟೆನೋವು ಇದರಿಂದ ಬರುವ ಸಾಮಾನ್ಯ ತೊಂದರೆಗಳು. ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಕಿಡ್ನಿ ತೊಂದರೆ ಇರುವವರಿಗೆ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಹೃದಯ ಬಡಿತದ ತಾಳ ತಪ್ಪುವ ತೊಂದರೆ ಇರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಬಿಳುಪು ಹೋಗುವುದೆಲ್ಲ ಫಂಗಸ್ ಅಲ್ಲ ಎಂಬುದನ್ನೂ ನೆನಪಿಡಿ. ಪದೇ ಪದೇ ಈ ಸೋಂಕು ಬರುತ್ತಿದ್ದರೆ ಮಾತ್ರೆ ನುಂಗುವುದಕ್ಕಿಂತ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುವುದು ಮುಖ್ಯ.

ಇಟ್ರಾಕೊನಝೋಲ್: ಹಟಮಾರಿ ಗಜಕರ್ಣಕ್ಕೆ ಈಗ ಹೆಚ್ಚು ಬಳಕೆಯಲ್ಲಿರುವುದು ಇದೇ. ಇದು ಹೃದಯದ ಪಂಪು ಮಾಡುವ ಶಕ್ತಿಯನ್ನು ಕುಗ್ಗಿಸಬಲ್ಲದು. ಈ ಕುರಿತು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2001ರಲ್ಲೇ ಎಚ್ಚರಿಕೆ ನೀಡಿದೆ. ಹೃದಯ ವೈಫಲ್ಯ ಇರುವವರು ಅಥವಾ ಹಿಂದೆ ಇದ್ದವರು ಚರ್ಮ, ಉಗುರಿನ ತೊಂದರೆಗಾಗಿ ಇದನ್ನು ತೆಗೆದುಕೊಳ್ಳಬಾರದು. ಕಾಲು ಊದುವುದು, ಮಲಗಿದಾಗ ಉಸಿರು ಕಟ್ಟುವುದು, ಒಮ್ಮೆಲೇ ತೂಕ ಏರುವುದು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕ್ಯಾಪ್ಸೂಲ್ ಮೈಗೆ ಹಿಡಿಯಲು ಹೊಟ್ಟೆಯಲ್ಲಿ ಆಹಾರವೂ ಆಮ್ಲವೂ ಬೇಕು. ಆದ್ದರಿಂದ ಊಟದ ಕೂಡಲೇ ತೆಗೆದುಕೊಳ್ಳಬೇಕು.

ಕೀಟೊಕೊನಝೋಲ್: ಒಂದು ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ಮಾತ್ರೆ. ಲಿವರ್‌ಗೆ ತೀವ್ರ ಹಾನಿ ಮಾಡಬಲ್ಲದೆಂದು ತಿಳಿದ ಮೇಲೆ 2013ರ ಜುಲೈಯಲ್ಲಿ ಐರೋಪ್ಯ ಔಷಧ ಸಂಸ್ಥೆ ಫಂಗಸ್‌ಗೆ ಇದರ ಮಾತ್ರೆಯನ್ನು ತಡೆಹಿಡಿಯಲು ಶಿಫಾರಸು ಮಾಡಿತು. ಅದೇ ತಿಂಗಳು ಅಮೆರಿಕವೂ ಬಳಕೆಗೆ ಬಿಗಿ ಮಿತಿ ಹಾಕಿತು. ಚರ್ಮ, ಉಗುರಿನ ಸೋಂಕಿಗೆ ಈ ಮಾತ್ರೆ ಸಲ್ಲದು. ಹೊಟ್ಟು ನಿವಾರಣೆಗೆ ಬಳಸುವ ಇದರ ಶಾಂಪೂ ಮತ್ತು ಹಚ್ಚುವ ಕ್ರೀಂಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ, ಏಕೆಂದರೆ ಅವು ರಕ್ತಕ್ಕೆ ಸೇರುವುದು ತೀರಾ ಅಲ್ಪ.

ಲಿವರ್ ಕೊಡುವ ಮುನ್ಸೂಚನೆ

ಈ ಎಲ್ಲ ಮಾತ್ರೆಗಳಿಗೂ ಸಮಾನವಾದ ಒಂದು ಅಪಾಯವೆಂದರೆ ಲಿವರ್‌ನ ಹಾನಿ. ಗಾಬರಿಪಡಬೇಡಿ, ತೀವ್ರ ಹಾನಿ ಬಹಳ ಅಪರೂಪ. ಆದರೆ ಅದು ಮೊದಲೇ ತಿಳಿದರೆ ಮಾತ್ರೆ ನಿಲ್ಲಿಸಿ ಪಾರಾಗಬಹುದು, ತಿಳಿಯದೆ ನುಂಗುತ್ತಾ ಹೋದರೆ ಪ್ರಾಣಕ್ಕೂ ಕುತ್ತಾಗಬಹುದು. ಕಾರಣವಿಲ್ಲದೆ ಸುಸ್ತು, ಹಸಿವಿಲ್ಲದಿರುವುದು, ಬಿಡದ ವಾಕರಿಕೆ, ಬಲಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಮಲ ಬಿಳಿಚಿಕೊಳ್ಳುವುದು, ಇವು ಅದರ ಲಕ್ಷಣಗಳು. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆಯನ್ನು ನುಂಗಬೇಡಿ, ಅದೇ ದಿನ ವೈದ್ಯರ ಬಳಿಗೆ ಹೋಗಿ. "ಕಾಮಾಲೆಗೆ ಹಳ್ಳಿಮದ್ದು ಮಾಡಿಸೋಣ" ಎಂದು ಮನೆಯವರು ಎಂಟು ದಿನ ಕಳೆದರೆ ಅಮೂಲ್ಯ ಸಮಯ ಕೈತಪ್ಪಿ ಹೋಗುತ್ತದೆ.

ಹಾಗೆಯೇ ಮೈಮೇಲೆ ಬೊಕ್ಕೆ ಏಳುವುದು, ಬಾಯಿ ಮತ್ತು ಕಣ್ಣಿನಲ್ಲಿ ಹುಣ್ಣಾಗುವುದು, ಚರ್ಮ ಸುಲಿಯುವುದು, ಮುಖ ಊದಿ ಉಸಿರಾಟಕ್ಕೆ ಕಷ್ಟವಾಗುವುದು ಅಪರೂಪವಾದರೂ ಗಂಭೀರ ಅಲರ್ಜಿಯ ಲಕ್ಷಣ. ಆಗ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಮಾತ್ರೆಗೂ ಮಾತ್ರೆಗೂ ಜಗಳ

ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ತರಗತಿಯಲ್ಲಿ ಮಂಕಾಗಿ ಕುಳಿತಿದ್ದಳು. ಹಿಂದಿನ ರಾತ್ರಿ ಅವಳ ಅಜ್ಜಿ ಬೆವರಿ, ನಡುಗಿ, ಮಾತು ತೊದಲಿ ನೆಲಕ್ಕೆ ಬಿದ್ದಿದ್ದರಂತೆ. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದ ಸಕ್ಕರೆ ತೀರಾ ಕೆಳಗಿಳಿದಿತ್ತು. ವರ್ಷಗಳಿಂದ ನುಂಗುತ್ತಿದ್ದ ಸಕ್ಕರೆ ಕಾಯಿಲೆಯ ಮಾತ್ರೆಯೇ ಅದು, ಪ್ರಮಾಣವೂ ಬದಲಾಗಿರಲಿಲ್ಲ. ಹೊಸದಾಗಿ ಸೇರಿದ್ದು ಒಂದೇ, ಸೊಸೆಗೆಂದು ತಂದು ಉಳಿದಿದ್ದ ಫ್ಲೂಕೊನಝೋಲ್. "ನಿಮಗೂ ಅದೇ ತುರಿಕೆ ಅಲ್ಲವೇ" ಎಂದು ಪ್ರೀತಿಯಿಂದಲೇ ಕೊಟ್ಟದ್ದು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಪಿಝೈಡ್ ಮುಂತಾದ ಸಕ್ಕರೆ ಮಾತ್ರೆಗಳ ಪ್ರಭಾವವನ್ನು ಫ್ಲೂಕೊನಝೋಲ್ ಹೆಚ್ಚಿಸುತ್ತದೆ. ಅಜ್ಜಿ ಉಳಿದರು, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಸೊಸೆ ಅನುಭವಿಸಿದ ತಪ್ಪಿತಸ್ಥ ಭಾವವನ್ನು ಯಾವ ಮಾತೂ ತಣಿಸಲಿಲ್ಲ.

ಇಂತಹ ಜಗಳಗಳು ಇನ್ನೂ ಇವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ ಝೋಲ್ ಗುಂಪಿನ ಮಾತ್ರೆ ಸೇರಿದರೆ ರಕ್ತಸ್ರಾವವಾಗಬಹುದು. ಕೊಲೆಸ್ಟರಾಲ್ ಇಳಿಸುವ ಸಿಂವಾಸ್ಟಾಟಿನ್ ಮತ್ತು ಲೋವಾಸ್ಟಾಟಿನ್ ಜೊತೆ ಇಟ್ರಾಕೊನಝೋಲ್ ಕೂಡಲೇಬಾರದು. ಕೂಡಿದರೆ ಮಾಂಸಖಂಡಗಳು ಕರಗಿ ಕಿಡ್ನಿಗೆ ಪೆಟ್ಟಾಗಬಹುದು. ಅಟೋರ್ವಾಸ್ಟಾಟಿನ್ ನುಂಗುವವರೂ ವೈದ್ಯರಿಗೆ ಹೇಳಬೇಕು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡದ ಕೆಲವು ಮಾತ್ರೆಗಳು, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳೂ ಈ ಪಟ್ಟಿಯಲ್ಲಿವೆ.

ಎಲ್ಲಕ್ಕಿಂತ ಹೆಚ್ಚಾಗಿ ನಾವು ಔಷಧವೆಂದೇ ಪರಿಗಣಿಸದ ಒಂದು ವಸ್ತುವಿದೆ: ಗ್ಯಾಸ್ ಮಾತ್ರೆ. ಫಂಗಸ್ ಮಾತ್ರೆಯಿಂದ ಹೊಟ್ಟೆ ತೊಳಸಿದಾಗ ಪ್ಯಾಂಟೊಪ್ರಝೋಲ್ ಮತ್ತು ಡೊಂಪೆರಿಡೋನ್ ಸೇರಿದ ಮಾತ್ರೆಯನ್ನು ತಾವೇ ತಂದು ನುಂಗುವವರು ಎಷ್ಟೋ ಮಂದಿ. ಪ್ಯಾಂಟೊಪ್ರಝೋಲ್ ಹೊಟ್ಟೆಯ ಆಮ್ಲವನ್ನು ಇಳಿಸುವುದರಿಂದ ಇಟ್ರಾಕೊನಝೋಲ್ ಕ್ಯಾಪ್ಸೂಲ್ ಮೈಗೆ ಹಿಡಿಯುವುದಿಲ್ಲ. ಹಣ ಕೊಟ್ಟು ತಂದ ಔಷಧ ವ್ಯರ್ಥವಾಗುತ್ತದೆ. ಡೊಂಪೆರಿಡೋನ್ ಝೋಲ್ ಗುಂಪಿನ ಮಾತ್ರೆಯ ಜೊತೆ ಸೇರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಇದರ ಹೆಸರು ಝೋಲ್ ಎಂದೇ ಮುಗಿದರೂ ಪ್ಯಾಂಟೊಪ್ರಝೋಲ್ ಫಂಗಸ್‌ನ ಔಷಧವಲ್ಲ. ಹೆಸರು ನೋಡಿ ಗೊಂದಲಪಡಬೇಡಿ.

ತಾಯಂದಿರಿಗೆ ಒಂದು ಮಾತು

ಗರ್ಭಿಣಿಯಾಗಿರುವವರು, ಗರ್ಭದ ನಿರೀಕ್ಷೆಯಲ್ಲಿರುವವರು ಫಂಗಸ್ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಎಂದೂ ನುಂಗಬಾರದು. ಗರ್ಭದ ಮೊದಲ ತಿಂಗಳುಗಳಲ್ಲಿ ಫ್ಲೂಕೊನಝೋಲನ್ನು ದೊಡ್ಡ ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದರೆ ಮಗುವಿಗೆ ಅಂಗದೋಷ ಬರಬಹುದೆಂದು 2011ರಲ್ಲಿ ಅಮೆರಿಕದ ಔಷಧ ಆಡಳಿತ ಎಚ್ಚರಿಸಿತು. 2016ರಲ್ಲಿ ಡೆನ್ಮಾರ್ಕ್‌ನಿಂದ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಕಡಿಮೆ ಪ್ರಮಾಣದಲ್ಲಿ ಸೇವಿಸಿದವರಲ್ಲೂ ಗರ್ಭಪಾತದ ಸಂಭವ ಹೆಚ್ಚಿರುವುದನ್ನು ಗುರುತಿಸಿತು. ಆದುದರಿಂದ ಗರ್ಭಿಣಿಯರ ಕ್ಯಾಂಡಿಡಾ ಸೋಂಕಿಗೆ ಸಾಮಾನ್ಯವಾಗಿ ನುಂಗುವ ಮಾತ್ರೆಯ ಬದಲು ಏಳು ದಿನ ಒಳಗೆ ಬಳಸುವ ಕ್ರೀಂ ಅಥವಾ ಮಾತ್ರೆಯನ್ನೇ ವೈದ್ಯರು ಸೂಚಿಸುತ್ತಾರೆ. ಇಟ್ರಾಕೊನಝೋಲ್ ನಿಲ್ಲಿಸಿದ ನಂತರವೂ ಎರಡು ತಿಂಗಳು ಗರ್ಭ ಧರಿಸದಂತೆ ನೋಡಿಕೊಳ್ಳಬೇಕು. ಮುಟ್ಟು ತಪ್ಪಿದ್ದರೆ ಮಾತ್ರೆ ಆರಂಭಿಸುವ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ. ಗೊತ್ತಿಲ್ಲದೆ ಒಂದು ಮಾತ್ರೆ ನುಂಗಿಬಿಟ್ಟಿದ್ದರೆ ಎದೆಯೊಡೆದುಕೊಳ್ಳಬೇಡಿ, ವೈದ್ಯೆಗೆ ತಿಳಿಸಿ, ಅವರು ದಾರಿ ಹೇಳುತ್ತಾರೆ.

ಹಾಲುಣಿಸುವ ತಾಯಂದಿರು ಆ ವಿಷಯವನ್ನು ಮೊದಲೇ ಹೇಳಬೇಕು. ಟರ್ಬಿನಾಫಿನ್ ಎದೆಹಾಲಿನಲ್ಲಿ ಸೇರುವುದರಿಂದ ಆ ಅವಧಿಯಲ್ಲಿ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ರಮಝಾನ್‌ನಲ್ಲಿ ಹೇಗೆ?

ರಮಝಾನ್‌ನಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಹೆಚ್ಚಿನವರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಒಂದು ತಿಂಗಳ ಅಂತರದಲ್ಲಿ ಶಿಲೀಂಧ್ರ ಮತ್ತೆ ಬಲ ಪಡೆಯುತ್ತದೆ. ಇದರ ಅಗತ್ಯವಿಲ್ಲ. ದಿನಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯನ್ನು ಇಫ್ತಾರ್‌ನ ನಂತರ, ಎರಡು ಬಾರಿಯದನ್ನು ಇಫ್ತಾರ್ ಮತ್ತು ಸಹರಿಯಲ್ಲಿ ತೆಗೆದುಕೊಳ್ಳಬಹುದೇ ಎಂದು ವೈದ್ಯರಲ್ಲಿ ಕೇಳಿಕೊಳ್ಳಿ. ಇಟ್ರಾಕೊನಝೋಲ್ ಕ್ಯಾಪ್ಸೂಲನ್ನು ಖರ್ಜೂರ ಮತ್ತು ನೀರಿನ ಜೊತೆ ನುಂಗಿದರೆ ಸಾಲದು, ಹೊಟ್ಟೆತುಂಬ ಊಟವಾದ ಮೇಲೆ ನುಂಗಬೇಕು. ಸಕ್ಕರೆ ಮಾತ್ರೆ ಮತ್ತು ಫ್ಲೂಕೊನಝೋಲ್ ಎರಡನ್ನೂ ಸೇವಿಸುತ್ತಾ ಉಪವಾಸ ಇರುವುದು ಅಪಾಯಕಾರಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಉಪವಾಸ ಬಿಟ್ಟು ಸಿಹಿ ತಿನ್ನಬೇಕು. ರೋಗಿಗೆ ಉಪವಾಸ ಬಿಟ್ಟು ನಂತರ ಪೂರೈಸುವ ಅನುಮತಿ ಇದೆ ಎಂಬುದು ನಮ್ಮ ಮದ್ರಸದ ಚಿಕ್ಕ ಮಕ್ಕಳಿಗೂ ತಿಳಿದ ವಿಷಯ.

ನಾವು ಮಾಡಬೇಕಾದದ್ದು

ಹಾಗಾದರೆ ಫಂಗಸ್ ಮಾತ್ರೆಯನ್ನೇ ನುಂಗಬಾರದೇ? ಖಂಡಿತ ಹಾಗಲ್ಲ. ಅಗತ್ಯವಿದ್ದಾಗ, ಸರಿಯಾದ ಮಾತ್ರೆಯನ್ನು, ಸರಿಯಾದ ಅವಧಿಗೆ ಸೇವಿಸಿ ಲಕ್ಷಾಂತರ ಮಂದಿ ಗುಣ ಹೊಂದಿದ್ದಾರೆ. ಹೆಚ್ಚಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಭಯದಿಂದ ಅರ್ಧದಲ್ಲೇ ನಿಲ್ಲಿಸುವುದೂ ತಪ್ಪು, ಶಿಲೀಂಧ್ರ ಇನ್ನಷ್ಟು ಹಟಮಾರಿಯಾಗಲು ಅದೂ ಒಂದು ಕಾರಣ. "ನೀಮ್ ಹಕೀಮ್ ಖತ್ರಾ ಏ ಜಾನ್" ಎಂಬ ಉರ್ದು ಗಾದೆಯನ್ನು ನಮ್ಮ ಉಸ್ತಾದರು ಆಗಾಗ ಹೇಳುತ್ತಿದ್ದರು. ಅರೆಬರೆ ವೈದ್ಯನಿಂದ ಪ್ರಾಣಕ್ಕೆ ಅಪಾಯ ಎಂದರ್ಥ. ಇಂದು ಆ ಅರೆಬರೆ ವೈದ್ಯರು ನಮ್ಮ ಮನೆಯೊಳಗೇ ಇದ್ದಾರೆ, ಕೆಲವೊಮ್ಮೆ ಅದು ನಾವೇ ಆಗಿರುತ್ತೇವೆ.

ವೈದ್ಯರ ಬಳಿಗೆ ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ. ಸಕ್ಕರೆ, ಬಿಪಿ, ಹೃದಯ, ಕಿಡ್ನಿಯ ಮಾತ್ರೆ ಮಾತ್ರವಲ್ಲ, ಗ್ಯಾಸ್ ಮಾತ್ರೆ, ಸಂತಾನ ನಿಯಂತ್ರಣ ಗುಳಿಗೆ, ಯೂನಾನಿ ಮತ್ತು ಆಯುರ್ವೇದದ ಔಷಧ, ಹಚ್ಚುತ್ತಿರುವ ಮುಲಾಮಿನ ಟ್ಯೂಬ್, ಎಲ್ಲವನ್ನೂ ತೋರಿಸಿ. ಹಿಂದೆ ಕಾಮಾಲೆ ಬಂದಿತ್ತೇ, ಗರ್ಭಿಣಿಯೇ, ಹಾಲುಣಿಸುತ್ತಿದ್ದೀರಾ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಎಷ್ಟು ದಿನ ನುಂಗಬೇಕು, ಊಟಕ್ಕೆ ಮೊದಲೋ ನಂತರವೋ, ರಕ್ತ ಪರೀಕ್ಷೆ ಯಾವಾಗ, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು, ಈ ನಾಲ್ಕು ಪ್ರಶ್ನೆಗಳನ್ನು ಕೇಳಿಯೇ ಹೊರಬನ್ನಿ. ಮುಚ್ಚಿಡುವ ಜಾಗದಲ್ಲಿ ತುರಿಕೆ ಇದೆಯೆಂದು ನಾಚಿಕೊಂಡು ಮಗನನ್ನೋ ತಮ್ಮನನ್ನೋ ಅಂಗಡಿಗೆ ಕಳುಹಿಸಬೇಡಿ. ವೈದ್ಯೆಯರು ಇದ್ದಾರೆ, ಅವರಿಗೆ ಇದು ದಿನನಿತ್ಯದ ವಿಷಯ.

ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ. ಮಾತ್ರೆಯಿಂದ ತೊಂದರೆಯಾಯಿತೆಂದು ಅನುಮಾನ ಬಂದರೆ ಅದನ್ನು ನೀವೇ ವರದಿ ಮಾಡಬಹುದು. 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಶುಲ್ಕರಹಿತ ಸಹಾಯವಾಣಿ 1800 180 3024 ಇದಕ್ಕಾಗಿಯೇ ಇದೆ. ಒಬ್ಬರು ನೀಡಿದ ಮಾಹಿತಿ ಹತ್ತು ಜನರನ್ನು ಕಾಪಾಡಬಹುದು.

ಇನ್ನು, ಮಾತ್ರೆಯ ಅಗತ್ಯವೇ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಸ್ನಾನವಾದ ಮೇಲೆ ಮೈಯ ಸಂದುಗಳನ್ನು ಒರೆಸಿ ಒಣಗಿಸಿ. ವುಝೂ ಮಾಡಿದ ಮೇಲೆ ಕಾಲ್ಬೆರಳುಗಳ ನಡುವಿನ ತೇವವನ್ನು ಒರೆಸಿಯೇ ಸಾಕ್ಸ್ ಧರಿಸಿ. ಒದ್ದೆ ಕೂದಲಿನ ಮೇಲೆ ಸ್ಕಾರ್ಫ್ ಕಟ್ಟಬೇಡಿ. ಬೆವರಿನ ದಿನಗಳಲ್ಲಿ ಒಳಗೆ ಸಡಿಲವಾದ ಹತ್ತಿ ಬಟ್ಟೆ ಇರಲಿ. ಟವೆಲ್, ಬಾಚಣಿಗೆ, ಹಾಸಿಗೆ ಬಟ್ಟೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಇರಲಿ. ಸೋಂಕಿದ್ದವರ ಬಟ್ಟೆಯನ್ನು ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು ಬಿಸಿಲಿಗೆ ಒಳಮೈ ಹೊರಗೆ ಮಾಡಿ ಒಣಗಿಸಿ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಇಸ್ತ್ರಿ ಹಾಕಿ. ಮನೆಯಲ್ಲಿ ಎಷ್ಟು ಮಂದಿಗೆ ತುರಿಕೆ ಇದೆಯೋ ಅಷ್ಟೂ ಮಂದಿ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು, ಇಲ್ಲವಾದರೆ ಅದು ಮನೆಯೊಳಗೇ ಸುತ್ತುತ್ತಿರುತ್ತದೆ.

ಆ ನೆರೆಯ ಸಹೋದರಿಯ ಗಜಕರ್ಣ ಚರ್ಮವೈದ್ಯರ ಚಿಕಿತ್ಸೆಯಿಂದ ಈಗ ವಾಸಿಯಾಗಿದೆ. ಮನೆಯ ಮೂವರೂ ಒಟ್ಟಿಗೆ ಚಿಕಿತ್ಸೆ ಪಡೆದರು. ಮೊನ್ನೆ ಅವರ ಅಡುಗೆ ಮನೆಗೆ ಹೋಗಿದ್ದೆ. ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಕಾಗದ ಅಂಟಿಸಿದ್ದರು. ಅತ್ತೆಯ ಬಿಪಿ ಮಾತ್ರೆ, ಗಂಡನ ಗ್ಯಾಸ್ ಮಾತ್ರೆ, ತನ್ನ ಮಾತ್ರೆ, ಎಲ್ಲದರ ಹೆಸರು ಮತ್ತು ಆರಂಭಿಸಿದ ತಾರೀಖು ಅದರಲ್ಲಿತ್ತು. ಎರಡನೇ ತರಗತಿಯ ಮಗಳ ಕೈಬರಹ, ಒಂದೆರಡು ಕಾಗುಣಿತ ತಪ್ಪು. ಇಂದೇ ಅಂತಹ ಒಂದು ಕಾಗದ ನಿಮ್ಮ ಅಡುಗೆ ಮನೆಯ ಗೋಡೆಗೂ ಬರಲಿ.